ಗಂಜಿ ಪಟ್ಟಿ, ಮೂರನೇ ವಾರ: ಉಪ್ಪುನೀರಲ್ಲಿ ಪಟ್ಟಿ ಯಾಕೆ ನೇರಳೆ ಆಯ್ತು

ಹೋದ್ಸಲ ಹೇಳಿದ್ನಲ್ಲ, ಕುವೆಂಪುನಗರದ ನಮ್ಮನೆ ನಲ್ಲಿ ನೀರಲ್ಲಿ ಕ್ಲೋರಿನ್ ಇದ್ಯಾ ನೋಡೋಕೆ ಬಣ್ಣ ತಿರುಗೋ ಕಾಗದದ ಪಟ್ಟಿ ನಾನೇ ಮಾಡ್ಕೋತೀನಿ ಅಂತ. ಮಾಡ್ದೆ. ಅನ್ನದ ಗಂಜಿಗೆ ಚಿಟಿಕೆ ಪೊಟ್ಯಾಸಿಯಂ ಅಯೋಡೈಡ್ (ಎಲೆಕ್ಟ್ರಾನ್ ತಗೊಂಡಿರೋ ಅಯೋಡಿನ್ ಇರೋ ಬಿಳಿ ಲವಣ) ಹಾಕಿ, ಫಿಲ್ಟರ್ ಪೇಪರ್ ಅದ್ದಿ, ನೆರಳಲ್ಲಿ ಒಣಗ್ಸಿ ಕತ್ರಿಸೋದು, ಅಷ್ಟೇ. ಕ್ಲೋರಿನ್ ಬಂದು ಅಯೋಡೈಡ್ ಹತ್ರ ಇರೋ ಎಲೆಕ್ಟ್ರಾನ್ ಕಿತ್ಕೊಳತ್ತೆ, ಅಯೋಡಿನ್ ಹೊರಗೆ ಬೀಳತ್ತೆ, ಗಂಜಿ ಅದನ್ನ ಹಿಡ್ಕೊಂಡು ಬಣ್ಣ ತೋರ್ಸತ್ತೆ. ಅಕ್ಕಿ ಗಂಜಿ ಅಚ್ಚ ನೀಲಿ ಕೊಡಲ್ಲ, ನೇರಳೆ ಹಣ್ಣು ತಿಂದ ನಾಲಿಗೆ ಥರ ಬರತ್ತೆ.

ಮೊದಲ್ನೇ ಬ್ಯಾಚು ಬ್ಲೀಚಿಂಗ್ ಪೌಡರ್ ನೀರಿಗೆ ಅದ್ದಿದ್ರೆ ಒಂದ್ ಕ್ಷಣ ನೇರಳೆ, ಆಮೇಲೆ ಬೆಳ್ಳಗೆ. ಪೇಪರ್ ಕೆಟ್ಟಿದೆ ಅಂತ ಎಸೆದ್ಬಿಟ್ಟೆ. ತಪ್ಪು ನಂದೇ, ಪೌಡರ್ ಜಾಸ್ತಿ ಆದ್ರೆ ಹೊರಗೆ ಬಂದ ಅಯೋಡಿನ್ನನ್ನೂ ಕ್ಲೋರಿನ್ ಬಿಡಲ್ಲ, ಬಣ್ಣ ಇಲ್ದಿರೋ ಅಯೋಡೇಟ್ (ಆಕ್ಸಿಜನ್ ಜೊತೆ ಸೇರಿರೋ ಅಯೋಡಿನ್) ಮಾಡ್ಬಿಡತ್ತೆ. ಒಂದು ಬಕೆಟ್‌ಗೆ ಕಡ್ಡಿ ತುದಿಯಷ್ಟು ಹಾಕ್ದಾಗ ಬಣ್ಣ ನಿಂತ್ಕೊಂತು.

ಈ ವಾರ ತಲೆ ಕೆಡ್ಸಿದ್ದು ಉಪ್ಪು. ಉಪ್ಪಲ್ಲಿ ಇರೋದು ಕ್ಲೋರಿನ್ ಅಲ್ಲ, ಕ್ಲೋರೈಡ್; ಅದು ಈಗಾಗ್ಲೇ ಎಲೆಕ್ಟ್ರಾನ್ ತಗೊಂಡು ಹೊಟ್ಟೆ ತುಂಬಿ ಕೂತಿರೋದು, ಅದು ಅಯೋಡೈಡ್ ತಂಟೆಗೆ ಹೋಗಲ್ಲ, ಉಪ್ಪುನೀರಲ್ಲಿ ಪಟ್ಟಿ ಬೆಳ್ಳಗೇ ಇರ್ಬೇಕು ಅಂತ ತೋರ್ಸೋಕೆ ಅಡುಗೆ ಮನೆ ಪುಡಿಉಪ್ಪು ಒಂದು ಚಮಚ ಕಲ್ಸಿ, ಬಣ್ಣ ಚೆನ್ನಾಗಿ ಬರ್ಲಿ ಅಂತ ಎಂದಿನ ಹಾಗೆ ನಾಲ್ಕು ತೊಟ್ಟು ವಿನಿಗರ್ ಬಿಟ್ಟೆ. ನೇರಳೆ! ಲೋಟ ತೊಳ್ದು ಮತ್ತೆ ಮಾಡ್ದೆ, ಮತ್ತೆ ನೇರಳೆ. ಅಮ್ಮ ಬಂದು 'ನಾವು ತಿನ್ನೋ ಉಪ್ಪಲ್ಲೇನೋ ಇದು?' ಅಂತ ಗಾಬರಿ. ಪ್ಯಾಕೆಟ್ ತಿರುಗ್ಸಿ ಓದಿದ್ರೆ ಅಯೋಡೈಸ್ಡ್. ಅದಕ್ಕೆ ಹಾಕೋದು ಪೊಟ್ಯಾಸಿಯಂ ಅಯೋಡೇಟ್, ಮೇಲೆ ನನ್ ಬ್ಯಾಚ್ ಹಾಳ್ಮಾಡಿದ್ದ ಅದೇ ಅಯೋಡೇಟ್. ಹುಳಿ ಸಿಕ್ಕಿದ್ರೆ ಅದು ಪಟ್ಟಿಲಿರೋ ಅಯೋಡೈಡ್ ಜೊತೆ ಸೇರಿ ಇಬ್ರೂ ಅಯೋಡಿನ್ ಆಗ್ತಾರೆ. ಉಪ್ಪಿನಕಾಯಿಗೆ ಇಟ್ಟಿದ್ದ ಅಯೋಡಿನ್ ಇಲ್ದಿರೋ ಕಲ್ಲುಪ್ಪಲ್ಲಿ ಮಾಡ್ದೆ, ಏನೂ ಇಲ್ಲ. ವಿನಿಗರ್ ಬಿಡ್ದೆ ಪುಡಿಉಪ್ಪಲ್ಲೂ ಏನೂ ಇಲ್ಲ.

ವಿನಿಗರ್ ಬದ್ಲು ಟಾಯ್ಲೆಟ್ ಕ್ಲೀನರ್ ಹಾಕಿದ್ರೆ ಅಂತ ಒಬ್ರು ಕೇಳಿದ್ರು. ದಯವಿಟ್ಟು ಬೇಡ. ಅದ್ರಲ್ಲಿ ಇರೋದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್, ಪಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಇದ್ರೆ ಕ್ಲೋರಿನ್ ಗ್ಯಾಸೇ ಏಳತ್ತೆ.

ಇನ್ನೊಂದು. ವಿನಿಗರ್ ಹಾಕಿ ಮಿಕ್ಕಿದ್ದ ಅಯೋಡೈಡ್ ನೀರನ್ನ ಕಿಟಕಿ ಹತ್ರ ಇಟ್ಟು ಮರ್ತಿದ್ದೆ, ಮೂರು ದಿನಕ್ಕೆ ತೆಳು ಟೀ ಬಣ್ಣ. ಗಾಳಿ ಆಕ್ಸಿಜನ್ನೇ ಸಾಕಾಯ್ತು ಅಯೋಡಿನ್ ಬಿಡಿಸೋಕೆ. ಕಲ್ಲುಪ್ಪು ವಿನಿಗರ್ ಲೋಟ ಮಾತ್ರ ತಿಳಿಯಾಗೇ ಇತ್ತು. ಕ್ಲೋರೈಡ್ ಹತ್ರ ಇರೋ ಎಲೆಕ್ಟ್ರಾನ್ ಕೀಳೋಕೆ ಗಾಳಿಗೆ ಆಗ್ಲಿಲ್ಲ. ಪೀರಿಯಾಡಿಕ್ ಟೇಬಲ್‌ನಲ್ಲಿ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದೇ ಗುಂಪು, ಅದ್ರಲ್ಲಿ ಕೆಳಕ್ಕೆ ಹೋದ ಹಾಗೆ ಎಲೆಕ್ಟ್ರಾನ್ ಮೇಲಿನ ಹಿಡಿತ ಸಡಿಲ ಆಗೋದು ಇದೇನೇ. ಹೈಡ್ರೋಜನ್ ಜೊತೆಗಿನ ಬಂಧ ಮುರಿಯೋಕೆ ಬೇಕಾದ ಶಕ್ತಿನೂ ಹಾಗೇ ಇಳಿಯತ್ತೆ: ಫ್ಲೋರಿನ್‌ಗೆ ಮೋಲ್‌ಗೆ ಸುಮಾರು 570 ಕಿಲೋಜೂಲ್, ಕ್ಲೋರಿನ್‌ಗೆ 430, ಬ್ರೋಮಿನ್‌ಗೆ 366, ಅಯೋಡಿನ್‌ಗೆ ಬರೀ 298. ಅದಕ್ಕೇ ನೀರಲ್ಲಿ ಹೈಡ್ರೋಜನ್ ಅಯೋಡೈಡ್ ಭಾರಿ ಜೋರು ಆಸಿಡ್, ಹೈಡ್ರೋಫ್ಲೋರಿಕ್ ವೀಕ್ ಆಸಿಡ್. ವೀಕ್ ಅಂತ ಸದರ ಮಾಡ್ಕೋಬೇಡಿ, ಗಾಜು ತಿನ್ನತ್ತೆ, ಚರ್ಮದೊಳಗೆ ಇಳಿಯತ್ತೆ.

ಅಸಲು ಕೆಲ್ಸಕ್ಕೆ ಬಂದ್ರೆ, ಕಾವೇರಿ ನೀರು ಬಿಟ್ಟಾಗ ನಲ್ಲಿಗೆ ನೇರ ಹಿಡಿದ ಪಟ್ಟಿ ಬೆಳ್ಳಗೇ. ಕುಡಿಯೋ ನೀರಿಗೆ ಮನೆ ತಲುಪಿದಾಗ ಲೀಟರ್‌ಗೆ 0.2 ಮಿಲಿಗ್ರಾಂ ಕ್ಲೋರಿನ್ ಇದ್ರೆ ಸಾಕು, ಇಷ್ಟು ಕಮ್ಮಿ ನನ್ ಪಟ್ಟಿಗೆ ಕಾಣಲ್ಲ. ಪಟ್ಟಿ ಬಿಟ್ಟು ಉದ್ದ ಗಾಜಿನ ಲೋಟಕ್ಕೇ ಗಂಜಿ ಅಯೋಡೈಡ್ ಹಾಕಿ, ಕೆಳಗೆ ಬಿಳಿ ಹಾಳೆ ಇಟ್ಟು ಮೇಲಿಂದ ಬಗ್ಗಿ ನೋಡ್ದಾಗ ಒಂಚೂರು ನೇರಳೆ ಛಾಯೆ. ಸಂಪಲ್ಲಿ ಎರಡು ದಿನ ನಿಂತಿದ್ದ ನೀರಲ್ಲಿ ಅದೂ ಇಲ್ಲ. ಮುಂದಿನ ವಾರ ಮಂಡ್ಯದ ಅತ್ತೆ ಮನೆ ಬೋರ್‌ವೆಲ್ ನೀರು ಒಂದು ಬಾಟ್ಲಿ ತರ್ತೀನಿ, ಬಾಯಿಗಿಟ್ರೆ ಉಪ್ಪುಪ್ಪು ಅದು.