ಹೆಸರಿಗೆ ಅನ್‌ಲಿಮಿಟೆಡ್, ಇಪ್ಪತ್ತನೇ ತಾರೀಕಿಗೆ ಎರಡು ಎಂಬಿಪಿಎಸ್

ಮೊದಲೇ ಹೇಳ್ಬಿಡ್ತೀನಿ, ಮನೆ ಇಂಟರ್ನೆಟ್‌ಗೆ ಡೇಟಾ ಲಿಮಿಟ್ ಇಡೋದ್ರ ಬಗ್ಗೆ ನನಗೆ ಅಂಥಾ ದೊಡ್ಡ ತಕರಾರೇನಿಲ್ಲ. ಫೈಬರ್ ಎಳೆಯೋಕೆ ಖರ್ಚಾಗತ್ತೆ, ಬ್ಯಾಂಡ್‌ವಿಡ್ತ್ ಇಂಟರ್ನೆಟ್ ಕಂಪನಿಯೋರೂ ದುಡ್ಡು ಕೊಟ್ಟೇ ತಗೋತಾರೆ, ಯಾರೋ ಒಬ್ಬ ಹಗಲೂ ರಾತ್ರಿ ಟೊರೆಂಟ್ ಹಾಕ್ಕೊಂಡು ಕೂತ್ರೆ ಬೀದಿಯಲ್ಲಿರೋ ಮಿಕ್ಕೋರಿಗೆಲ್ಲ ತೊಂದ್ರೆ, ಇದೆಲ್ಲ ಅರ್ಥ ಆಗತ್ತೆ. ನನಗೆ ಮೈ ಉರಿಯೋದು ಎಲ್ಲಿ ಅಂದ್ರೆ, ಇವನ ಸ್ಪೀಡ್ ಇಳಿಸಿದೀವಿ ಅನ್ನೋದು ಅವರ ಸ್ಕ್ರೀನ್ ಮೇಲೆ ಕಣ್ಣಿಗೆ ಹೊಡೆಯೋ ಹಾಗೆ ಕಾಣಿಸ್ತಿರತ್ತೆ, ಆದ್ರೂ ಫೋನ್ ಮಾಡಿದ್ರೆ "ರೌಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್" ಅಂತಾರಲ್ಲ, ಅಲ್ಲಿ.

ನಮ್ಮದು ಬಸವೇಶ್ವರನಗರ, ಬಾಡಿಗೆ ಮನೆ, ಫಸ್ಟ್ ಫ್ಲೋರ್. ಪ್ಲಾನು 100 ಎಂಬಿಪಿಎಸ್, ತಿಂಗಳಿಗೆ 799 ರೂಪಾಯಿ ಅಂತಾರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 942 ರೂಪಾಯಿ 82 ಪೈಸೆ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿದ್ರೆ ಇನ್‌ಸ್ಟಲೇಷನ್ ಫ್ರೀ, ರೌಟರ್ ಫ್ರೀ ಅಂದ್ರು, ಕಟ್ಟಿದ್ವಿ, ಎಲ್ಲರೂ ಹಾಗೇ ಕಟ್ಟೋದು. ಪಾಂಪ್ಲೆಟ್‌ನಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ಅನ್‌ಲಿಮಿಟೆಡ್ ಅಂತಿತ್ತು. ಕೆಳಗಡೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಒಂದು ಸ್ಟಾರ್ ಹಾಕಿ ಕಂಡೀಷನ್ಸ್ ಅಪ್ಲೈ ಅಂತಿತ್ತು, ಆ ಕಂಡೀಷನ್ ಏನು ಅನ್ನೋದು ಪಾಂಪ್ಲೆಟ್‌ನಲ್ಲಿ ಇಲ್ಲ, ಬಂದ ಹುಡುಗನಿಗೂ ಗೊತ್ತಿಲ್ಲ, ವೆಬ್‌ಸೈಟ್‌ನಲ್ಲಿ ಒಂದು ಪಿಡಿಎಫ್ ಒಳಗೆ ಎಲ್ಲೋ ಮೂಲೇಲಿದೆ. 1,000 ಜಿಬಿ ಆದ್ಮೇಲೆ 2 ಎಂಬಿಪಿಎಸ್. ಅಪ್‌ಲೋಡೂ ಲೆಕ್ಕಕ್ಕೆ ಸೇರತ್ತೆ.

ತಿಂಗಳ ಮೊದಲ ಎರಡು ವಾರ ರಾಜನ ಥರ ಇರತ್ತೆ. ಅಮ್ಮ ಟೀವಿಯಲ್ಲಿ ಹಿಂದಿನ ದಿನ ಮಿಸ್ ಆದ ಸೀರಿಯಲ್ಲು ನೋಡ್ತಾರೆ, ನನ್ನ ಹೆಂಡತಿ ಒಳಗಿನ ರೂಮಲ್ಲಿ ವಿಪಿಎನ್ ಹಾಕ್ಕೊಂಡು ಮೀಟಿಂಗ್ ಮೇಲೆ ಮೀಟಿಂಗು, ಮಗ ಅದ್ಯಾವುದೋ ಗೇಮು ಡೌನ್‌ಲೋಡಿಗೆ ಹಾಕಿರ್ತಾನೆ, ಈಗಿನ ಗೇಮುಗಳು ಒಂದೊಂದೂ ನೂರು ಜಿಬಿ. ಇಪ್ಪತ್ತನೇ ತಾರೀಕು ಹತ್ತಿರ ಬಂತು ಅಂದ್ರೆ ಒಂದು ಬೆಳಗ್ಗೆ ಎದ್ದಾಗ ಎಲ್ಲ ಸತ್ತುಹೋಗಿರತ್ತೆ. ಪೂರ್ತಿ ಸತ್ರೆ ಪರವಾಗಿಲ್ಲ, ಕೇಬಲ್ ಕಟ್ ಆಗಿದೆ ಅಂತ ಗೊತ್ತಾಗತ್ತೆ, ಇದು ಅರೆಜೀವ. ವಾಟ್ಸಾಪ್ ಮೆಸೇಜ್ ಹೋಗತ್ತೆ, ಫೋಟೋ ಸುತ್ತತ್ತೆ. ಯುಪಿಐ ಆಗತ್ತೆ, ಟೀವಿಯಲ್ಲಿ ಮುಖ ಎಲ್ಲ ಚೌಕ ಚೌಕ. ಹೆಂಡತಿ ಮೀಟಿಂಗಲ್ಲಿ ಬಾಯಿ ತೆರೆದಿದ್ದು ಹಾಗೇ ನಿಂತುಬಿಡತ್ತೆ, ಆಚೆ ಕಡೆಯೋರು "ಯು ಆರ್ ಫ್ರೋಜನ್" ಅಂತಾರೆ, ಇವಳು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡ್ಕೊಂಡು ನನ್ನ ಕಡೆ ಒಂದು ನೋಟ ಬಿಡ್ತಾಳೆ, ಆ ಕಂಪನಿ ನಾನೇ ನಡೆಸ್ತಿರೋ ಹಾಗೆ. 2 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಕಾಲು ಎಂಬಿ, ಅಂದ್ರೆ ಒಂದು ಜಿಬಿಯ ಫೋನ್ ಅಪ್‌ಡೇಟ್‌ಗೆ ಒಂದು ಗಂಟೆಗಿಂತ ಜಾಸ್ತಿ, ಅದೂ ಮನೇಲಿ ಬೇರೆ ಯಾರೂ ಏನೂ ಮುಟ್ಟದೇ ಇದ್ರೆ.

ಕಸ್ಟಮರ್ ಕೇರ್ ಕಥೆ ಎಲ್ಲರಿಗೂ ಗೊತ್ತಿರೋದೇ. ಕನ್ನಡಕ್ಕಾಗಿ ಎರಡನ್ನು ಒತ್ತಿ ಅಂತಾರೆ, ಒತ್ತಿದ್ರೆ ಬರೋದು "ಹಾಂಜಿ ಸರ್ ಬತಾಯಿಯೇ". ಸರಿ ಅದನ್ನ ಬಿಡಿ, ಅದು ಬೇರೆದೇ ಪೋಸ್ಟ್ ಆಗತ್ತೆ. ರೌಟರ್ ಆಫ್ ಆನ್ ಮಾಡಿ, ಮಾಡ್ದೆ. ಹಿಂದಿನ ಹಳದಿ ಕೇಬಲ್ ತೆಗೆದು ಹಾಕಿ, ಹಾಕ್ದೆ. ವೈಫೈ ಪಾಸ್‌ವರ್ಡ್ ಚೇಂಜ್ ಮಾಡಿ, ಯಾರೋ ನಿಮ್ಮ ನೆಟ್ ಯೂಸ್ ಮಾಡ್ತಿರಬಹುದು. ನಾನೇ ನೇರವಾಗಿ ಕೇಳ್ದೆ, ಎಫ್‌ಯುಪಿ, ಅಂದ್ರೆ ಇಷ್ಟು ಡೇಟಾ ದಾಟಿದ್ಮೇಲೆ ಸ್ಪೀಡ್ ಇಳಿಸೋ ನಿಯಮ, ಅದೇನಾದ್ರೂ ಆಗಿದೆಯಾ ನೋಡಿ ಹೇಳಿ ಅಂತ. "ಇಲ್ಲ ಸರ್ ನಿಮ್ಮದು ಅನ್‌ಲಿಮಿಟೆಡ್ ಪ್ಲಾನ್, ಡೇಟಾ ಲಿಮಿಟ್ ಇಲ್ಲ." ಸ್ಪೀಡ್ ಲಿಮಿಟ್ ಇದೆಯಾ? "ನಮ್ಮ ಕಡೆಯಿಂದ ಎಲ್ಲ ಓಕೆ ತೋರಿಸ್ತಿದೆ ಸರ್, ಟೆಕ್ನಿಷಿಯನ್ ಕಳಿಸ್ತೀವಿ."

ಬಂದ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು, ಹೆಲ್ಮೆಟ್ ಕೂಡ ತೆಗೆಯದೇ ಒಳಗೆ ಬಂದ. ಬ್ಯಾಗಿಂದ ಫೈಬರಲ್ಲಿ ಬರೋ ಬೆಳಕು ಎಷ್ಟಿದೆ ಅಂತ ಅಳೆಯೋ ಪವರ್ ಮೀಟರ್ ತೆಗೆದು ಡಬ್ಬಿ ಹಿಂದಿನ ಫೈಬರ್ ಕಳಚಿ ಅದಕ್ಕೆ ಚುಚ್ಚಿ ನೋಡಿದ, ಮೈನಸ್ 19. "ಲೈಟ್ ಸಕತ್ತಾಗಿದೆ ಅಣ್ಣ, ಮೈನಸ್ 27 ದಾಟಿದ್ರೆ ತಾನೇ ಪ್ರಾಬ್ಲಮ್ಮು" ಅಂದ. ಆಮೇಲೆ ತನ್ನ ಮೊಬೈಲಲ್ಲಿ ಕಂಪನಿ ಆಪ್ ತೆಗೆದು ನಮ್ಮ ಯೂಸರ್ ಐಡಿ ಹೊಡೆದ, ಹೊಡೆದೋನು ಒಂದು ಕ್ಷಣ ಸುಮ್ಮನಾದ. ಏನಪ್ಪ ಅಂದೆ. "ಅಣ್ಣ, ನಾನ್ ಹೇಳ್ದೆ ಅಂತ ಹೇಳ್ಬೇಡಿ, ನಿಮ್ಮ ಪ್ರೊಫೈಲ್ ಡೌನ್ ಮಾಡಿದಾರೆ. ಮೊನ್ನೆಯಿಂದ. ಒಂದನೇ ತಾರೀಕು ತಾನಾಗೇ ಸರಿಹೋಗತ್ತೆ." ಮೊಬೈಲ್ ತಿರುಗಿಸಿ ತೋರಿಸಿದ, ನಮ್ಮ ಹೆಸರಿನ ಮುಂದೆ ಕರೆಂಟ್ ಸ್ಪೀಡ್ ಅಂತ ಬರೆದು 2ಎಂ ಅಂತಿತ್ತು. ಅಷ್ಟೇ ವಿಷಯ. ಅದನ್ನ ಹೇಳೋಕೆ ಒಬ್ಬ ಹುಡುಗ ರಾಜಾಜಿನಗರದಿಂದ ಬಿಸಿಲಲ್ಲಿ ಗಾಡಿ ಓಡಿಸ್ಕೊಂಡು ಬರಬೇಕಾಯ್ತು, ಪಾಪ, ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ವಿ.

ಇದು ಒಳಗೆ ಹೇಗೆ ನಡೆಯತ್ತೆ ಅಂದ್ರೆ, ನಮ್ಮ ಕನೆಕ್ಷನ್ ಲಾಗಿನ್ ಆಗೋ ಸರ್ವರ್ ಒಂದಿರತ್ತೆ, ರೇಡಿಯಸ್ ಅಂತಾರೆ, ಅದರಲ್ಲಿ ಪ್ರತಿ ಮನೆಯದೂ ಎಷ್ಟು ಡೇಟಾ ಬಂತು ಹೋಯ್ತು ಅಂತ ಎಣಿಕೆ ನಡೀತಾನೇ ಇರತ್ತೆ. ನಿಗದಿ ಮಾಡಿದ ನಂಬರ್ ಮುಟ್ಟಿದ ತಕ್ಷಣ ಅದು ಮೇಲಿನ ದೊಡ್ಡ ರೌಟರ್‌ಗೆ ಹೇಳತ್ತೆ, ಈ ಗಿರಾಕಿಗೆ ಇನ್ಮೇಲೆ ಈ ಸ್ಪೀಡು ಅಂತ. ಮನುಷ್ಯರು ಯಾರೂ ಕೈ ಹಾಕಲ್ಲ. ಅಂದ್ಮೇಲೆ ಯೋಚನೆ ಮಾಡಿ, ಎಣಿಸೋಕೆ ಮೆಷಿನ್ ಇದೆ, ಇಳಿಸೋಕೆ ಮೆಷಿನ್ ಇದೆ, ನನಗೊಂದು ಎಸ್‌ಎಂಎಸ್ ಹಾಕೋಕೆ ಮಾತ್ರ ಇಲ್ಲ. ಪ್ಲಾನ್ ಮುಗಿಯೋಕೆ ಇನ್ನೂ ಹದಿನೈದು ದಿನ ಇದ್ದಾಗ್ಲೇ ರಿನ್ಯೂ ಮಾಡಿ ಅಂತ ದಿನಾ ಮೆಸೇಜ್ ಬರತ್ತಲ್ಲ, ಅದೇ ನಂಬರಿಗೆ.

ಲಿಮಿಟ್ ಮುಟ್ಟಿದ ಅಲರ್ಟ್ ಕಳಿಸಲೇಬೇಕು ಅಂತ ರೂಲ್ ಬೇರೆ ಇದೆ, ಹೆಚ್ಚಿನೋರಿಗೆ ಗೊತ್ತಿಲ್ಲ. 2016ರಲ್ಲಿ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್ ಆರ್ಡರ್ ಮಾಡಿದೆ: ಲಿಮಿಟ್ ಎಷ್ಟು, ಅಲ್ಲಿವರೆಗೆ ಸ್ಪೀಡ್ ಎಷ್ಟು, ಆಮೇಲೆ ಎಷ್ಟು, ಈ ಮೂರನ್ನೂ ವೆಬ್‌ಸೈಟಲ್ಲೂ ಜಾಹೀರಾತಲ್ಲೂ ಹಾಕಬೇಕು, ಗ್ರಾಹಕ 50 ಪರ್ಸೆಂಟ್, 90 ಪರ್ಸೆಂಟ್, 100 ಪರ್ಸೆಂಟ್ ಮುಟ್ಟಿದಾಗ ತಿಳಿಸಬೇಕು. ಲಿಮಿಟ್ ದಾಟಿದ ಮೇಲೂ ಮನೆ ಬ್ರಾಡ್‌ಬ್ಯಾಂಡನ್ನ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು ಅಂತಾನೂ ಅದರಲ್ಲೇ ಇದೆ. ಆವಾಗ ಬ್ರಾಡ್‌ಬ್ಯಾಂಡ್ ಅಂದ್ರೇನೇ 512 ಇತ್ತು, 2023ರಲ್ಲಿ ಸರ್ಕಾರ ಅದನ್ನ 2 ಎಂಬಿಪಿಎಸ್‌ಗೆ ಏರಿಸಿತು. ನಮ್ಮೋರು ಸರಿಯಾಗಿ ಆ 2ಕ್ಕೇ ತಂದು ನಿಲ್ಲಿಸಿದಾರೆ ನೋಡಿ, ಕಾಗದದ ಮೇಲೆ ನಾವು ಈಗಲೂ ಬ್ರಾಡ್‌ಬ್ಯಾಂಡ್ ಗ್ರಾಹಕರೇ!

ಇನ್ನು ಜಾಸ್ತಿ ಯೂಸ್ ಮಾಡೋರಿಗೆ ಮಾತ್ರ ಹೀಗಾಗೋದು ಅನ್ನೋ ಮಾತು. 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಅವರೇ ಮಾರಿದ ಸ್ಪೀಡನ್ನ ಪೂರ್ತಿ ಬಳಸಿದ್ರೆ 1,000 ಜಿಬಿ ಖಾಲಿಯಾಗೋಕೆ 22 ಗಂಟೆ ಸ್ವಲ್ಪ ಮೇಲೆ ಸಾಕು, ಒಂದು ದಿನವೂ ಬೇಡ. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಪ್ಲಾನಿಗೆ 3,300 ಜಿಬಿ ಇರತ್ತೆ, ಅದೂ ಇದೇ ಲೆಕ್ಕದಲ್ಲಿ ಮೂರು ದಿನದ ಮಾತು. ಸರಿ, ಹಾಗೆ ಯಾರೂ ಬಳಸಲ್ಲ, ಒಪ್ಪಿದೆ. ಆದ್ರೆ ನೆಟ್‌ಫ್ಲಿಕ್ಸ್‌ನೋರೇ ಹೇಳೋ ಪ್ರಕಾರ 4ಕೆ ನೋಡಿದ್ರೆ ಗಂಟೆಗೆ 7 ಜಿಬಿವರೆಗೂ ಹೋಗತ್ತೆ, ದಿನಕ್ಕೆ ನಾಲ್ಕು ಗಂಟೆ ಟೀವಿ ಓಡಿದ್ರೆ ತಿಂಗಳಿಗೆ 840. ಟೀವಿ ಕೊಳ್ಳೋವಾಗ 4ಕೆ ತಗೊಳ್ಳಿ ಅಂತ ಅಂಗಡಿಯೋನೂ ಹೇಳ್ತಾನೆ, ಓಟಿಟಿ ಫ್ರೀ ಅಂತ ಇದೇ ಇಂಟರ್ನೆಟ್‌ನೋರೂ ಹೇಳ್ತಾರೆ. ನಮ್ಮ ರಸ್ತೆ ಕೊನೆ ಮನೆಯೋರು ಗೇಟಿಗೆ ಒಂದು ಸಿಸಿಟಿವಿ ಹಾಕ್ಸಿದಾರೆ, ರೆಕಾರ್ಡಿಂಗ್ ಎಲ್ಲ ಕ್ಲೌಡಿಗೆ ಹೋಗೋ ಥರದ್ದು, ಅದು 2 ಎಂಬಿಪಿಎಸ್‌ನಲ್ಲಿ ಇಪ್ಪತ್ನಾಲ್ಕು ಗಂಟೆ ಕಳಿಸ್ತಿದ್ರೆ ತಿಂಗಳಿಗೆ 648 ಜಿಬಿ ಆಗತ್ತೆ. ಅವರ ಮನೇಲಿ ಇರೋದು ರಿಟೈರ್ ಆದ ಗಂಡ ಹೆಂಡತಿ ಇಬ್ರೇ, ಇವರನ್ನ ಯಾರಾದ್ರೂ ಹೆವಿ ಯೂಸರ್ ಅಂತಾರಾ?

ಬೆಸ್ಕಾಂ ಬಗ್ಗೆ ನಾವು ಎಷ್ಟೇ ಬೈಕೊಂಡ್ರೂ ಮೀಟರ್ ಗೋಡೆ ಮೇಲಿರತ್ತೆ, ಹೋಗಿ ನೋಡಿ ಇಷ್ಟು ಯೂನಿಟ್ ಆಯ್ತು ಅಂತ ಗೀಸರ್ ಆಫ್ ಮಾಡ್ಕೋಬಹುದು. ಇಲ್ಲಿ ಮೀಟರ್ ಅವರ ಮನೇಲಿ. ಆಪ್‌ನಲ್ಲಿ ಯೂಸೇಜ್ ಅಂತ ಒಂದು ಪೇಜಿದೆ, ಮುಟ್ಟಿದ್ರೆ ಅನ್‌ಲಿಮಿಟೆಡ್ ಅಂತ ಬರೆದು ಪಕ್ಕದಲ್ಲಿ ಒಂದು ಇನ್ಫಿನಿಟಿ ಚಿಹ್ನೆ ಹಾಕಿದಾರೆ, ಅಂಕಿನೇ ಇಲ್ಲ.

ಸ್ಪೀಡ್ ಕಮ್ಮಿ ಆದ್ರೆ ಎಲ್ಲವೂ ಎಫ್‌ಯುಪಿನೇ ಅಂತಲ್ಲ, ಅದನ್ನೂ ಹೇಳ್ಬೇಕು. ಸಂಜೆ ಎಂಟರಿಂದ ಹನ್ನೊಂದರವರೆಗೆ ಎಳೆದಾಡಿ ಬೆಳಗಿನ ಜಾವ ಸರಿ ಇದ್ರೆ ಅದು ಜನ ಜಾಸ್ತಿ ಆಗಿರೋದು. ಜಿಪಾನ್ ಅನ್ನೋ ಈ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯ ಎರಡೂವರೆ ಜಿಬಿಪಿಎಸ್‌ನ 32 ಅಥವಾ 64 ಮನೆಗೆ ಹಂಚಿರ್ತಾರೆ, 64ಕ್ಕೆ ಭಾಗಿಸಿದ್ರೆ ಒಬ್ಬೊಬ್ಬರಿಗೆ 40 ಎಂಬಿಪಿಎಸ್ಸೂ ಬರಲ್ಲ, ಐಪಿಎಲ್ ರಾತ್ರಿ ಏನಾಗತ್ತೆ ಅಂತ ನೀವೇ ನೋಡಿರ್ತೀರ. 200 ಎಂಬಿಪಿಎಸ್ ಪ್ಲಾನ್ ಹಾಕ್ಸಿ ಕೇಬಲ್ ಚುಚ್ಚಿ ನೋಡಿದ್ರೂ 94ಕ್ಕೇ ನಿಲ್ಲತ್ತೆ ಅಂದ್ರೆ ರೌಟರಿನ ಪೋರ್ಟೇ ಹಳೇದು, 100ರದ್ದು, ಫ್ರೀ ರೌಟರ್ ಅಂತ ಅದನ್ನೇ ತಲೆಗೆ ಕಟ್ಟಿರ್ತಾರೆ. ಆದ್ರೆ ಬೆಳಗ್ಗೆ ನಾಲ್ಕಕ್ಕೆ ನೋಡಿದ್ರೂ, ಮಧ್ಯಾಹ್ನ ನೋಡಿದ್ರೂ, ಕಂಪನಿಯದ್ದೇ ಸರ್ವರ್ ಆರಿಸಿ ಸ್ಪೀಡ್ ಟೆಸ್ಟ್ ಮಾಡಿದ್ರೂ, ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್‌ನಲ್ಲಿ ನೋಡಿದ್ರೂ ಗೆರೆ ಎಳೆದ ಹಾಗೆ ಒಂದೇ ನಂಬರ್, 1.9, 2.0, 1.9 ಅಂತ ಬಂದ್ರೆ ಅದು ಬೇಕಂತಲೇ ಬಿಗಿದಿರೋ ನಲ್ಲಿ. ಆಗ ರೌಟರ್ ಆಫ್ ಆನ್ ಮಾಡಿ ಸುಸ್ತಾಗಬೇಡಿ.

ದೂರು ಕೊಡೋದಾದ್ರೆ ಟ್ರಾಯ್‌ಗೆ ಬರೆದು ಪ್ರಯೋಜನ ಇಲ್ಲ, ಒಬ್ಬೊಬ್ಬರ ಕೇಸು ಅವರು ತಗೊಳಲ್ಲ. ಮೊದಲು ಕಂಪನಿಯ ಕಂಪ್ಲೇಂಟ್ ಸೆಂಟರ್, ಅಲ್ಲಿ ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್, ಕೇಳಿ ಬರೆದಿಟ್ಕೊಳ್ಳಿ, ಕೊಡಲೇಬೇಕು. ಅದರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಮೂವತ್ತು ದಿನದೊಳಗೆ ಅದೇ ಕಂಪನಿಯಲ್ಲಿ ಅಪೀಲು ಕೇಳೋ ಅಪೆಲೇಟ್ ಅಥಾರಿಟಿಗೆ, ಇದಕ್ಕೆ ಫೀಸಿಲ್ಲ. ಅದೂ ಆಗ್ಲಿಲ್ವಾ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇಲ್ಲ ಗ್ರಾಹಕರ ಆಯೋಗಕ್ಕೆ ಹೋಗಿ, ಟೆಲಿಕಾಂ ಕೇಸು ಅಲ್ಲಿ ನಡೆಯಲ್ಲ ಅಂತ ಕಂಪನಿಯೋರು ಹಿಂದೆಲ್ಲ ವಾದ ಮಾಡ್ತಿದ್ರು, 2022ರಲ್ಲಿ ಸುಪ್ರೀಂ ಕೋರ್ಟ್ ನಡೆಯತ್ತೆ ಅಂತ ಹೇಳಿ ಮುಗಿಸಿದೆ. ನಾನು ಅಪೀಲಿಗೆ ಹಾಕಿದೀನಿ. ಸ್ಪೀಡ್ ಜಾಸ್ತಿ ಮಾಡಿ ಅಂತಲ್ಲ, 50, 90, 100ರ ಅಲರ್ಟ್ ನನ್ನ ನಂಬರಿಗೆ ಯಾವತ್ತು ಕಳಿಸಿದ್ರಿ ತೋರಿಸಿ ಅಂತ ಅಷ್ಟೇ ಕೇಳಿದೀನಿ. ಮಾರನೇ ದಿನವೇ ಸೇಲ್ಸ್‌ನಿಂದ ಫೋನ್ ಬಂತು, ಸರ್ ಇನ್ನೂರು ರೂಪಾಯಿ ಜಾಸ್ತಿ ಕೊಟ್ರೆ ಇದಕ್ಕಿಂತ ಒಳ್ಳೆ ಅನ್‌ಲಿಮಿಟೆಡ್ ಪ್ಲಾನಿದೆ ಅಂತ. ಅದರ ಲಿಮಿಟ್ ಎಷ್ಟು ಅಂದೆ. ಫೋನ್ ಕಟ್.

ಬಿಟ್ಟು ಬೇರೆ ಕಂಪನಿಗೆ ಹೋಗಿ ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ. ಮೊಬೈಲ್ ಥರ ಪೋರ್ಟ್ ಮಾಡೋ ಹಾಗಿಲ್ಲ, ಮುಂಗಡ ಕಟ್ಟಿದ್ದು ವಾಪಸ್ ಬರಲ್ಲ, ಮತ್ತೆ ನಮ್ಮ ಬಿಲ್ಡಿಂಗ್‌ಗೆ ಇನ್ನೊಂದು ವೈರ್ ಬರ್ಬೇಕಂದ್ರೆ ಓನರ್ ಒಪ್ಪಬೇಕು, ಅವರು ಮೊದಲೇ ಇರೋ ಕೇಬಲ್‌ಗಳು ಮಾವಿನ ಮರಕ್ಕೆ ಸುತ್ಕೊಂಡಿರೋದು ನೋಡಿ ಕೆಂಡ ಆಗಿದಾರೆ. ಪಕ್ಕದ ರಸ್ತೆ ಕೇಬಲ್‌ನೋರನ್ನ ಕೇಳ್ದೆ, ಬನ್ನಿ ಸಾರ್ ನಮ್ಮಲ್ಲಿ ಎಲ್ಲ ಅನ್‌ಲಿಮಿಟೆಡ್ಡೇ ಅಂದ್ರು. ಎಷ್ಟು ಜಿಬಿ ಆದ್ಮೇಲೆ ಎಷ್ಟು ಸ್ಪೀಡು ಅನ್ನೋದನ್ನ ವಾಟ್ಸಾಪಲ್ಲಿ ಬರೆದು ಕಳಿಸಿ, ಅಪ್‌ಲೋಡ್ ಸೇರತ್ತಾ ಇಲ್ವಾ ಅಂತಾನೂ ಬರೀರಿ, ಅದೇ ದಿನ ಓನರ್ ಹತ್ರ ಮಾತಾಡ್ತೀನಿ ಅಂತ ಹೇಳಿ ಬಂದಿದೀನಿ. ಹೊಸ ಕನೆಕ್ಷನ್ ಹಾಕ್ಸೋರು ನೀವೂ ಈ ಎರಡನ್ನ ಬರವಣಿಗೆಯಲ್ಲಿ ಇಸ್ಕೊಂಡೇ ದುಡ್ಡು ಕೊಡಿ, ಮತ್ತೆ ಎಷ್ಟೇ ಡಿಸ್ಕೌಂಟ್ ಅಂದ್ರೂ ಮೊದಲು ಒಂದು ತಿಂಗಳದ್ದು ಮಾತ್ರ ಕಟ್ಟಿ.