ಒಂಬತ್ತನೇ ಗಂಬೋ: ಕೊನೆಗೂ ಎಣ್ಣೆ ಬಿಡಲಿಲ್ಲ

ಒಡೆಯಲಿಲ್ಲ! ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಗಂಬೋ (ಅನ್ನದ ಮೇಲೆ ಹಾಕಿಕೊಳ್ಳುವ ಲೂಸಿಯಾನದ ಗಟ್ಟಿ ಸಾರು) ಪಾತ್ರೆಯ ಒಲೆ ಆರಿಸಿದೆ. ಅರ್ಧ ಗಂಟೆ ಮುಟ್ಟದೆ ಬಿಟ್ಟೆ. ಆಮೇಲೆ ಟಾರ್ಚ್ ಹಿಡಿದು ಪಾತ್ರೆಯೊಳಗೆ ನೋಡಿದೆ. ಮೇಲೆ ಎಣ್ಣೆಯ ಪದರ ಇಲ್ಲ. ಅಂಚಿನಲ್ಲಿ ಕೆಂಪು ಉಂಗುರ ಇಲ್ಲ. ಸೌಟು ಎತ್ತಿದರೆ ಒಂದೇ ಹದದಲ್ಲಿ, ನಿಧಾನಕ್ಕೆ ಇಳಿಯುತ್ತಿದೆ. ಖುಷಿಗೆ ಗಂಡನನ್ನು ಎಬ್ಬಿಸಿ ತೋರಿಸಿದೆ. ಅವರು ಒಂದು ಸೌಟು ಬಡಿಸಿಕೊಂಡು ತಿಂದೇ ಮತ್ತೆ ಮಲಗಿದರು.

ಅಮೆರಿಕದ ಲೂಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್‌ಗೆ ಬಂದು ನಾಲ್ಕು ವರ್ಷ ಆಯಿತು. ಇಲ್ಲಿ ಮೊದಲ ಚಳಿ ಗಾಳಿ ಬೀಸಿದ ದಿನ ಎಲ್ಲರೂ "ಗಂಬೋ ಹವೆ ಬಂತು" ಅನ್ನುತ್ತಾರೆ. ಸಂಜೆ ಹೊತ್ತಿಗೆ ಬೀದಿಯ ಎರಡೂ ಕಡೆಯಿಂದ ಹುರಿದ ಹಿಟ್ಟಿನ ಘಮ ಬರುತ್ತದೆ. ಅದು ಬಂದಾಗ ಒಳಗೆ ಸುಮ್ನೆ ಕೂರುವುದಕ್ಕೆ ಆಗುವುದಿಲ್ಲ. ಆದರೆ ಆ ಪಾತ್ರೆಗಳಲ್ಲಿ ಕೋಳಿ, ಸೀಗಡಿ, ಏಡಿ, ಹೊಗೆ ಹಿಡಿಸಿದ ಹಂದಿಮಾಂಸದ ಆಂಡೂಯಿ ಸಾಸೇಜ್ ಇರುತ್ತವೆ. ನಮ್ಮ ಮನೆಯಲ್ಲಿ ಅವು ಯಾವುದೂ ಇಲ್ಲ. ಹಾಗಾಗಿ ಈ ಕೆಲಸಕ್ಕೆ ಕೈ ಹಾಕಿದ್ದು. ಗುರಿ ಒಂದೇ: ಪೂರ್ತಿ ಗಿಡದಿಂದ ಬಂದದ್ದೇ ಇರಬೇಕು, ತರಕಾರಿ ಸೂಪ್ ಥರ ತೆಳ್ಳಗೆ ಇರಬಾರದು, ಅನ್ನದ ಮೇಲೆ ಹಾಕಿ ಒಂದು ಬಟ್ಟಲು ತಿಂದರೆ ಹೊಟ್ಟೆ ತುಂಬಬೇಕು.

ಈರುಳ್ಳಿ, ಸೆಲೆರಿ, ದೊಣ್ಣೆಮೆಣಸಿನಕಾಯಿ ಹೆಚ್ಚುವುದು ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ಸ್ಟಾಕ್ (ಕುದಿಸಿ ಸೋಸಿದ ರಸ) ಕೂಡ ಮೂರನೇ ಸಲಕ್ಕೇ ಸರಿಹೋಗಿತ್ತು. ಒಣ ಶಿಟಾಕೆ ಅಣಬೆ, ಸೆಲೆರಿ ಬುಡ, ಚೆನ್ನಾಗಿ ಕೆಂಪಗೆ ಹುರಿದ ಈರುಳ್ಳಿ, ಕೊಂಬು ಅನ್ನುವ ಜಪಾನಿ ಕಡಲಪಾಚಿಯ ಒಂದು ತುಂಡು, ಅಷ್ಟೇ. ನನ್ನನ್ನು ಎರಡು ತಿಂಗಳು ಕಾಡಿದ್ದು ಗಂಬೋ ಗಟ್ಟಿ ಮಾಡಲು ಎಣ್ಣೆಯಲ್ಲಿ ಹುರಿಯುವ ಹಿಟ್ಟು, ಅಂದರೆ ರೂ. (ಕನ್ನಡದಲ್ಲಿ ಹಾಗೆ ಬರೆದರೆ ರೂಪಾಯಿ ಅನ್ನಿಸುತ್ತದೆ. ಎಂಟು ಪಾತ್ರೆಗೆ ಖರ್ಚಾದದ್ದು ನೋಡಿದರೆ ಅದೂ ಸರಿಯೇ.)

ನಮ್ಮ ಅಡುಗೆಯಲ್ಲಿ ಗೊಜ್ಜು ಎಣ್ಣೆ ಬಿಟ್ಟರೆ ಸಂತೋಷ. ಬೆಂದಿದೆ, ಒಲೆ ಆರಿಸಬಹುದು ಅಂತ ಅರ್ಥ. ಗಂಬೋದಲ್ಲಿ ಅದೇ ಎಣ್ಣೆ ಮೇಲೆ ಬಂದರೆ ರೂ ಒಡೆದಿದೆ ಅಂತ ಅರ್ಥ. ನಾಲ್ಕು, ಐದು, ಆರನೇ ಪಾತ್ರೆಗಳಲ್ಲಿ ನನಗೆ ಆದದ್ದು ಅದೇ. ಒಂದು ಕಪ್ ಮೈದಾ, ಒಂದು ಕಪ್ ಎಣ್ಣೆ, ಬೀಡಿನ ಬಾಣಲೆ, ನಲವತ್ತೈದು ನಿಮಿಷ ಕೈ ಬಿಡದೆ ತಿರುವುವುದು. ಬಣ್ಣ ಪ್ರತಿ ಸಲ ಚೆನ್ನಾಗಿಯೇ ಬಂತು. ಮೊದಲು ಕಡಲೆಕಾಯಿ ಬೆಣ್ಣೆ, ಆಮೇಲೆ ತಾಮ್ರದ ಕಾಸು, ಕೊನೆಗೆ ಚಾಕೊಲೇಟ್. ಸ್ಟಾಕ್ ಬೆರೆಸಿದಾಗಲೂ ಚೆನ್ನಾಗಿಯೇ ಇರುತ್ತಿತ್ತು. ಕುದಿದು ಒಂದು ಗಂಟೆ ಆಗುವಷ್ಟರಲ್ಲಿ ಕೆಳಗೆ ಕಂದು ನೀರು, ಮೇಲೆ ಬೆರಳು ದಪ್ಪ ಎಣ್ಣೆ.

ಪಕ್ಕದ ಮನೆಯ ಅಜ್ಜಿ ಟ್ರೆಮೇ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು, ಕ್ರಿಯೋಲ್ ಮನೆತನ (ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಬೇರುಗಳು ಬೆರೆತ ಇಲ್ಲಿಯ ಹಳೆಯ ಸಮುದಾಯ). ಆರನೇ ಪಾತ್ರೆಯನ್ನು ಅವರಿಗೆ ತೋರಿಸಿದೆ. ಚಮಚದಲ್ಲಿ ಎಣ್ಣೆಯನ್ನು ಪಕ್ಕಕ್ಕೆ ಸರಿಸಿ ರುಚಿ ನೋಡಿದರು. ಈ ಊರಲ್ಲಿ ಎಲ್ಲರೂ ಎಲ್ಲರನ್ನೂ ಬೇಬಿ ಅಂತಲೇ ಕರೆಯುವುದು. "ಬೇಬಿ, ಮಾಂಸ ಇಲ್ಲ ಅನ್ನೋದು ತೊಂದರೆ ಅಲ್ಲ. ಇದನ್ನ ಹಿಡಿದುಕೊಳ್ಳೋಕೆ ಒಳಗೆ ಏನೂ ಇಲ್ಲ" ಅಂದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಿಜ ಅಲ್ವಾ? ಹಿಟ್ಟನ್ನು ಕಪ್ಪಗೆ ಹುರಿದಷ್ಟೂ ಅದರ ಪಿಷ್ಟ ಮುರಿಯುತ್ತಾ ಹೋಗುತ್ತದೆ. ಮುರಿದ ಪಿಷ್ಟಕ್ಕೆ ನೀರು ಹಿಡಿಯುವ ಶಕ್ತಿ ಕಡಿಮೆ. ಅಂದರೆ ರೂ ಕಪ್ಪಾದಂತೆ ರುಚಿ ಏರುತ್ತದೆ, ಗಟ್ಟಿ ಮಾಡುವ ಗುಣ ಇಳಿಯುತ್ತದೆ. ಮಾಂಸದ ಗಂಬೋದಲ್ಲಿ ಕೋಳಿಯ ಮೂಳೆ, ಚರ್ಮದಿಂದ ಜೆಲಟಿನ್ ಬಂದು ಆ ಕೊರತೆಯನ್ನು ತುಂಬುತ್ತದೆ. ಎಣ್ಣೆ ಮೇಲೆ ಬಂದರೂ ಸೌಟಿನಲ್ಲಿ ತೆಗೆದುಬಿಡುತ್ತಾರೆ. ನನ್ನ ಪಾತ್ರೆಯಲ್ಲಿ ಮೂಳೆ ಇಲ್ಲ. ಎಣ್ಣೆ ತೆಗೆದರೆ ಖಾರ, ಘಮ, ಬಣ್ಣ ಎಲ್ಲ ಅದರ ಜೊತೆಗೇ ಹೋಗುತ್ತದೆ.

ಏಳನೇ ಸಲ ರೂ ಜಾಸ್ತಿ ಹಾಕಿ ನೋಡಿದೆ. ಗಟ್ಟಿ ಆಯಿತು, ಆದರೆ ಕಹಿ ಬಂತು. ಎಣ್ಣೆಯೂ ಒಂದೂವರೆ ಪಟ್ಟು. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಎಂಟನೇ ಸಲ ಎಣ್ಣೆಯನ್ನೇ ಬಿಟ್ಟೆ. ಲೂಸಿಯಾನದಲ್ಲಿ ಒಣ ರೂ ಮಾಡುವವರು ತುಂಬಾ ಜನ ಇದ್ದಾರೆ. ಬರೀ ಹಿಟ್ಟನ್ನು ಓವನ್‌ನಲ್ಲಿ ಹುರಿಯುವುದು. 150 ಗ್ರಾಂ ಮೈದಾವನ್ನು ತಟ್ಟೆಯಲ್ಲಿ ಹರಡಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟೆ. ಹತ್ತು ನಿಮಿಷಕ್ಕೊಮ್ಮೆ ಅಂಚನ್ನು ನಡುವಿಗೆ, ನಡುವನ್ನು ಅಂಚಿಗೆ ತಿರುವುತ್ತಿದ್ದೆ. ನನ್ನ ಓವನ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಒಂದು ಎಚ್ಚರ ಹೇಳಲೇಬೇಕು. ಒಣ ಹಿಟ್ಟಿನ ಬಣ್ಣವನ್ನು ನಂಬಬೇಡಿ. ತಟ್ಟೆಯಲ್ಲಿ ಅದು ದಾಲ್ಚಿನ್ನಿ ಪುಡಿಯ ಬಣ್ಣ ಇರುತ್ತದೆ, ನೀರು ತಾಕಿದರೆ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಚಿಟಿಕೆ ಹಿಟ್ಟನ್ನು ಅಂಗೈಯಲ್ಲಿ ಹಾಕಿ, ಒಂದು ಹನಿ ನೀರು ಬಿಟ್ಟು ನೋಡಿ. ಇದು ಗೊತ್ತಿಲ್ಲದೆ ಮೊದಲ ತಟ್ಟೆ ಸುಟ್ಟಿತು.

ಘಮ ಮಾತ್ರ ಹೇಳತೀರದು. ಊರಲ್ಲಿ ಹುರಿಹಿಟ್ಟು ಮಾಡುವ ದಿನ ಮನೆಯೆಲ್ಲ ತುಂಬುತ್ತಿದ್ದ ವಾಸನೆಗೆ ತೀರಾ ಹತ್ತಿರ. ಅದೇ ಹುರುಪಿನಲ್ಲಿ ಕುದಿಯುವ ಸ್ಟಾಕಿಗೆ ಹಿಟ್ಟು ಸುರಿದೆ. ಕ್ಷಣದಲ್ಲಿ ಗಂಟು! ಗೋಲಿ ಗಾತ್ರದವು, ಹೊರಗೆ ಜಾರು, ಒಳಗೆ ಒಣ ಪುಡಿ. ಎಷ್ಟು ತಿರುವಿದರೂ ಒಡೆಯಲಿಲ್ಲ. ಆಗಲೇ ತುಮಕೂರಿಂದ ಅಮ್ಮನ ವಿಡಿಯೊ ಕರೆ ಬಂತು. ಪಾತ್ರೆಯತ್ತ ಫೋನ್ ತಿರುಗಿಸಿದೆ.

"ಅಂಬಲಿಗೆ ಹಿಂಗೆ ಕುದಿಯೋ ನೀರಿಗೆ ಹಿಟ್ಟು ಸುರೀತಾರೇನೇ? ಮೊದ್ಲು ತಣ್ಣೀರಲ್ಲಿ ಕದಡ್ಕೋಬೇಕಲ್ವಾ?"

ಅಷ್ಟೇ. ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಆಮೇಲೆ ಕುದಿಯುವ ನೀರಿಗೆ ಬಿಡುವುದನ್ನು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಮಾಡಿದ್ದೇನೆ. ಬಿಸಿನೀರು ತಾಕಿದ ತಕ್ಷಣ ಹಿಟ್ಟಿನ ಹೊರಪದರ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟಿಗೆ ನೀರು ಹೋಗುವುದೇ ಇಲ್ಲ. ತಣ್ಣೀರಲ್ಲಿ ಕದಡಿದರೆ ಒಂದೊಂದು ಕಣವೂ ಮೊದಲೇ ನೆನೆದಿರುತ್ತದೆ. ಮೈದಾ ಆದರೇನು, ರಾಗಿ ಆದರೇನು.

ಒಂಬತ್ತನೇ ಸಲ ಅರ್ಧ ಲೀಟರ್ ಸ್ಟಾಕನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿದೆ. ಹುರಿದ ಹಿಟ್ಟನ್ನು ಜರಡಿ ಹಿಡಿದು ಅದರಲ್ಲಿ ಕದಡಿದೆ. ಹತ್ತು ನಿಮಿಷ ನೆನೆಯಲು ಬಿಟ್ಟೆ. ಉಳಿದ ಒಂದೂವರೆ ಲೀಟರ್ ಕುದಿ ಬಂದಾಗ ಸಣ್ಣ ಧಾರೆಯಾಗಿ ಬಿಡುತ್ತಾ ತಿರುವಿದೆ. ಒಂದು ಗಂಟೂ ಇಲ್ಲ.

ಆದರೂ ಅದು ಅರ್ಧ ಕೆಲಸ ಮಾತ್ರ. ಒಣ ರೂ ಕೂಡ ಕಪ್ಪು ರೂವೇ, ಹಿಡಿಯುವ ಶಕ್ತಿ ಅದಕ್ಕೂ ಕಡಿಮೆ. ಅಜ್ಜಿ ಹೇಳಿದ "ಒಳಗೆ ಹಿಡಿದುಕೊಳ್ಳೋದು" ಇನ್ನೂ ಬೇಕಿತ್ತು. ಅದು ಹೆಸರಲ್ಲೇ ಇತ್ತು! ಮಧ್ಯ ಆಫ್ರಿಕಾದ ಬಾಂಟು ಭಾಷೆಗಳಲ್ಲಿ ಬೆಂಡೆಕಾಯಿಗೆ ಕಿ ಎನ್‌ಗೊಂಬೊ ಅನ್ನುತ್ತಾರೆ. ಗಂಬೋ ಅನ್ನುವ ಮಾತು ಬಂದದ್ದು ಅಲ್ಲಿಂದ ಅನ್ನುತ್ತಾರೆ. ಗುಲಾಮರಾಗಿ ಹಿಡಿದು ತಂದ ಆಫ್ರಿಕಾದ ಜನರ ಜೊತೆ ಬೆಂಡೆಕಾಯಿಯೂ ಇಲ್ಲಿಗೆ ಬಂತು, ಅವರ ಅಡುಗೆಯೂ ಬಂತು. ಈ ಪಾತ್ರೆಯ ಜೀವ ಅವರ ಕೈಯಿಂದ ಬಂದದ್ದು. ಅದನ್ನು ಮರೆತು ನಾನು ಬೆಂಡೆಕಾಯಿಯನ್ನು ಕೊನೆಯಲ್ಲಿ ಒಂದು ಹಿಡಿ ಉದುರಿಸುತ್ತಿದ್ದೆ.

ಯಾಕೆ ಅಂದರೆ, ನಮಗೆ ಬೆಂಡೆಕಾಯಿ ಲೋಳೆ ಅಂದರೆ ಆಗದು. ತೊಳೆದು ಒರೆಸಿ, ಹುಣಸೆ ಹುಳಿಯೋ ಮೊಸರೋ ಹಾಕಿ, ಹೇಗಾದರೂ ಲೋಳೆ ಓಡಿಸುವುದನ್ನೇ ಕಲಿತಿದ್ದೇವೆ. ಇಲ್ಲಿ ಆ ಲೋಳೆಯೇ ಬೇಕು. ಹಸಿ ಲೋಳೆ ಅಲ್ಲ, ಪಳಗಿದ ಲೋಳೆ. 600 ಗ್ರಾಂ ಬೆಂಡೆಕಾಯಿಯನ್ನು ಬಿಲ್ಲೆಯಾಗಿ ಹೆಚ್ಚಿ, ಮೂರು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿಟ್ಟೆ. ಹದಿನೈದು ನಿಮಿಷದವರೆಗೆ ದಾರ ದಾರವಾಗಿ ಎಳೆಯುತ್ತಿತ್ತು. ಎರಡು ಟೊಮೆಟೊ ಹಾಕಿದೆ. (ಕೇಜನ್ ಕಡೆಯವರು, ಅಂದರೆ ಲೂಸಿಯಾನದ ಹಳ್ಳಿಗಾಡಿನ ಫ್ರೆಂಚ್ ಮೂಲದವರು, ಸಾಮಾನ್ಯವಾಗಿ ಗಂಬೋಗೆ ಟೊಮೆಟೊ ಹಾಕುವುದಿಲ್ಲ. ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಅಡುಗೆಯಲ್ಲಿ ಹಾಕುವವರಿದ್ದಾರೆ. ನಾನು ಇರುವ ಊರಿನ ಪಕ್ಷ.) ನಲವತ್ತು ನಿಮಿಷಕ್ಕೆ ದಾರ ಎಲ್ಲ ಕರಗಿ, ಬೆಂಡೆಕಾಯಿ ಮೆತ್ತಗಾಗಿ, ಹಸಿರು ಕಂದಾಗಿ, ಬೀಜ ಮಾತ್ರ ಕಾಣುವ ಗೊಜ್ಜಿನ ಹದಕ್ಕೆ ಬಂತು. ಅದನ್ನು ರೂ ಬೆರೆತ ಸ್ಟಾಕಿಗೆ ಸೇರಿಸಿದ ಐದೇ ನಿಮಿಷಕ್ಕೆ ಪಾತ್ರೆಯ ಸ್ವಭಾವವೇ ಬದಲಾಯಿತು. ಸೌಟಿಗೆ ಭಾರ ಬಂತು. ಈರುಳ್ಳಿ ಹುರಿದ ಎಣ್ಣೆ, ಖಾರದ ಎಣ್ಣೆ, ಎಲ್ಲ ಒಳಗೇ ನಿಂತಿತು. ಎಣ್ಣೆಯನ್ನೂ ನೀರನ್ನೂ ಜೊತೆಗೆ ಹಿಡಿದಿಡುವ ಗುಣ ಬೆಂಡೆಕಾಯಿ ಲೋಳೆಗೆ ಇದೆ. ಮೂಳೆ ಮಾಡುವ ಕೆಲಸವನ್ನು ಅದು ಮಾಡಿತು.

ಅಂಗಡಿಯವರ ಬಗ್ಗೆ ಎರಡು ಮಾತು. ಒಂದು ಕಡೆಯಿಂದ ತರಿಸಿದ ಫ್ರೀಜ್ ಮಾಡಿದ ಬೆಂಡೆಕಾಯಿ ಕರಗಿ, ಮತ್ತೆ ಗಟ್ಟಿಯಾಗಿ, ಒಂದೇ ಇಟ್ಟಿಗೆಯಾಗಿ ಬಂತು. ಹಣ ವಾಪಸ್ ಕೇಳಿದರೆ ಫೋಟೊ ಕಳಿಸಿ ಅಂದರು. ಕಳಿಸಿದೆ, ಉತ್ತರ ಇಲ್ಲ. ಇನ್ನೊಂದು ಕಡೆಯ ಸಸ್ಯಾಹಾರಿ ಸಾಸೇಜ್ ಇಪ್ಪತ್ತು ನಿಮಿಷ ಕುದಿದರೆ ಹಿಟ್ಟಾಗುತ್ತದೆ. ಎಂಟು ಡಾಲರ್‌ಗೆ ಅಷ್ಟಾದರೂ ತಡೆಯಬೇಡವಾ? ಅದನ್ನು ಬಿಟ್ಟು ದೊಡ್ಡ ಕಿಂಗ್ ಆಯ್‌ಸ್ಟರ್ ಅಣಬೆಗೆ ಬಂದಿದ್ದೇನೆ. ದಪ್ಪ ಬಿಲ್ಲೆ ಮಾಡಿ, ಉಪ್ಪು, ಬೆಳ್ಳುಳ್ಳಿ, ಕೇಯೆನ್ ಖಾರ ಹಚ್ಚಿ, ಪೆಕಾನ್ ಮರದ ಚೂರಿನ ಹೊಗೆಯಲ್ಲಿ ನಲವತ್ತು ನಿಮಿಷ. ಆಂಡೂಯಿಗೆ ಹೆಸರಾದ ಲಾಪ್ಲಾಸ್ ಊರಲ್ಲಿ ಸಾಸೇಜ್‌ಗೆ ಕೊಡುವುದೂ ಪೆಕಾನ್ ಹೊಗೆಯನ್ನೇ. ಹೊಗೆ ಚೆನ್ನಾಗಿ ಹಿಡಿಯಿತು. ಅಂಚು ಮಾತ್ರ ಸ್ವಲ್ಪ ನಾರಾಯಿತು. ಮುಂದಿನ ಸಲ ಮೂವತ್ತು ನಿಮಿಷ ಸಾಕು.

ಇನ್ನೊಂದು ವಿಷಯ. ಪಲಾವ್ ಎಲೆ ಹಾಕಬೇಡಿ. ಇಲ್ಲಿಯ ಬೇ ಎಲೆ ಬೇರೆ ಮರದ್ದು, ಘಮ ಬೇರೆ. ನಾಲ್ಕನೇ ಪಾತ್ರೆ ಬಿರಿಯಾನಿ ವಾಸನೆ ಹೊಡೆದದ್ದು ಅದರಿಂದಲೇ.

ಎಲೆ ಅಂದಾಗ ನೆನಪಾಯಿತು. ಪವಿತ್ರ ಗುರುವಾರಕ್ಕೆ (ಈಸ್ಟರ್‌ಗೆ ಮುಂಚಿನ ಗುರುವಾರ) ಗಂಬೋ ಜರ್ಬ್ ಮಾಡಬೇಕು ಅಂತ ಈಗಲೇ ನಿಶ್ಚಯಿಸಿದ್ದೇನೆ. ಸೊಪ್ಪಿನ ಗಂಬೋ. ಇದೇ ಊರಿನ ಡೂಕಿ ಚೇಸ್ ರೆಸ್ಟೋರೆಂಟಿನ ಬಾಣಸಿಗರಾಗಿದ್ದ ಲಿಯಾ ಚೇಸ್ ಇದನ್ನು ವರ್ಷ ವರ್ಷ ಆ ದಿನ ಬಡಿಸಿ ಹೆಸರುವಾಸಿ ಮಾಡಿದರು. 2019ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸೊಪ್ಪುಗಳ ಸಂಖ್ಯೆ ಬೆಸವೇ ಇರಬೇಕು. ಎಷ್ಟು ಬಗೆ ಸೊಪ್ಪು ಹಾಕುತ್ತೀರೋ ಆ ವರ್ಷ ಅಷ್ಟು ಹೊಸ ಗೆಳೆಯರು ಸಿಗುತ್ತಾರೆ ಅನ್ನುವ ನಂಬಿಕೆ. ಅವರ ಪಾತ್ರೆಯಲ್ಲಿ ಮಾಂಸ ಇರುತ್ತಿತ್ತು. ನನ್ನದರಲ್ಲಿ ಇರುವುದಿಲ್ಲ. ಆದರೆ ಮಾಡುವ ಕ್ರಮ ಕೇಳಿ: ಸೊಪ್ಪನ್ನೆಲ್ಲ ಬೇಯಿಸಿ, ನೀರು ಬಸಿದು, ಸೊಪ್ಪನ್ನು ನುಣ್ಣಗೆ ಮಾಡಿ, ಬಸಿದ ನೀರಿಗೇ ಮತ್ತೆ ಸೇರಿಸುವುದು. ಬಸ್ಸಾರು, ಮಸ್ಸೊಪ್ಪು ಎರಡೂ ಒಂದೇ ಪಾತ್ರೆಯಲ್ಲಿ! ಬೆರಕೆ ಸೊಪ್ಪು ಆರಿಸಿ ಬೆಳೆದವರಿಗೆ ಒಂಬತ್ತು ಬಗೆ ಹೊಂದಿಸುವುದು ಕಷ್ಟವಾ? ಸಾಸಿವೆ ಸೊಪ್ಪು, ಕೊಲಾರ್ಡ್, ಟರ್ನಿಪ್ ಸೊಪ್ಪು, ಬೀಟ್‌ರೂಟ್ ಎಲೆ, ಕ್ಯಾರೆಟ್ ಎಲೆ, ಪಾಲಕ್, ಎಲೆಕೋಸು, ವಾಟರ್‌ಕ್ರೆಸ್ ಆಯಿತು. ಒಂಬತ್ತನೆಯದು ದಂಟಿನ ಸೊಪ್ಪು. ಅಜ್ಜಿಯನ್ನು ಕೇಳಿದೆ, ಅದು ಸೊಪ್ಪು ತಾನೇ, ಹಾಕು ಅಂದರು.

ಈಗ ಉಳಿದಿರುವುದು ಫಿಲೇ. ಸ್ಯಾಸಫ್ರಾಸ್ ಎಲೆಯ ಪುಡಿ, ಚೋಕ್ಟಾ ಮೂಲನಿವಾಸಿಗಳು ಕಲಿಸಿದ್ದು. ಬೆಂಡೆಕಾಯಿ ಇಲ್ಲದ ಕಾಲದಲ್ಲಿ ಗಂಬೋ ಗಟ್ಟಿ ಮಾಡುತ್ತಿದ್ದದ್ದು ಇದೇ. ಒಲೆ ಆರಿಸಿದ ಮೇಲೆ ಹಾಕಬೇಕು, ಕುದಿದರೆ ನಾರು ನಾರಾಗಿ ಎಳೆಯುತ್ತದೆ. ನಾನು ಕೊಂಡ ಶೀಶೆಯಲ್ಲಿದ್ದದ್ದು ಕಂದು ಪುಡಿ, ಒಣ ಹುಲ್ಲಿನ ವಾಸನೆ. ಅಜ್ಜಿ ತಮ್ಮ ಡಬ್ಬಿ ತೆರೆದು ತೋರಿಸಿದರು. ಆಲಿವ್ ಹಸಿರು, ಮೂಗಿಗೆ ಹಿಡಿದರೆ ನಿಂಬೆ ಎಲೆಯ ಹಾಗೆ ತಾಜಾ. ಸ್ಯಾಸಫ್ರಾಸ್ ದಾಲ್ಚಿನ್ನಿಯ ಕುಟುಂಬದ ಮರ. ಒಂದೇ ಕೊಂಬೆಯಲ್ಲಿ ಮೂರು ಆಕಾರದ ಎಲೆ ಬಿಡುತ್ತದೆ: ಒಂದು ಮೊಟ್ಟೆಯ ಹಾಗೆ, ಒಂದು ಹೆಬ್ಬೆರಳಿರುವ ಕೈಗವಸಿನ ಹಾಗೆ, ಒಂದಕ್ಕೆ ಮೂರು ಹಾಲೆ. ಚಳಿಗಾಲದಲ್ಲಿ ಎಲೆ ಉದುರುತ್ತದೆ, ಹಾಗಾಗಿ ಬೇಸಿಗೆಯವರೆಗೆ ಕಾಯಬೇಕು. ನೆರಳಲ್ಲಿ ಒಣಗಿಸಿ, ದಂಟು ತೆಗೆದು, ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿಯುವ ಯೋಚನೆ ಇದೆ. ಪಾಂಟ್‌ಚಾರ್ಟ್ರೈನ್ ಸರೋವರದ ಆಚೆ ದಡದಲ್ಲಿರುವ ಕನ್ನಡದವರು ಯಾರ ಹಿತ್ತಲಲ್ಲಾದರೂ ಆ ಮರ ಇದ್ದರೆ ದಯವಿಟ್ಟು ಹೇಳಿ. ಬರುವಾಗ ಒಂದು ಡಬ್ಬಿ ಗಂಬೋ ತರುತ್ತೇನೆ.

ಬೆಳಿಗ್ಗೆ ಫ್ರಿಜ್ ತೆಗೆದು ಮತ್ತೆ ನೋಡಿದೆ. ತಣ್ಣಗಾದರೂ ಎಣ್ಣೆ ಮೇಲೆ ಬಂದಿಲ್ಲ. ರುಚಿ ನಿನ್ನೆಗಿಂತ ಒಂದು ಕೈ ಮೇಲು. ಅಜ್ಜಿಗೆ ಮಧ್ಯಾಹ್ನ ಕೊಟ್ಟು ಬರಬೇಕು, ಅನ್ನಕ್ಕೆ ಇಟ್ಟಿದ್ದೇನೆ.