ಯುಎಸ್‌ಬಿ-ಸಿ ಚಾರ್ಜಿಂಗ್ ನಿಂತಾಗ ಲಿನಕ್ಸ್‌ನಲ್ಲಿ ಏನನ್ನು ನೋಡಬೇಕು

ಲಿನಕ್ಸ್ ಇರುವ ಲ್ಯಾಪ್‌ಟಾಪ್ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗದಿದ್ದರೆ ಅನುಮಾನ ಮೊದಲು ಹೋಗುವುದು ಲಿನಕ್ಸ್‌ನ ತಿರುಳಾದ ಕರ್ನೆಲ್ ಮೇಲೆ. ಆದರೆ ಬಹುತೇಕ ಯಂತ್ರಗಳಲ್ಲಿ ಚಾರ್ಜಿಂಗ್ ಅನ್ನು ನಿರ್ಧರಿಸುವುದು ಮದರ್‌ಬೋರ್ಡಿನಲ್ಲಿರುವ, ಚಾರ್ಜರ್ ಜೊತೆ ವೋಲ್ಟೇಜ್ ಬಗ್ಗೆ ಮಾತುಕತೆ ನಡೆಸುವ ಪವರ್ ಡೆಲಿವರಿ ಕಂಟ್ರೋಲರ್ ಮತ್ತು ಬ್ಯಾಟರಿಯಂತಹ ಭಾಗಗಳನ್ನು ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್‌ಗಳು. ಯಂತ್ರ ಪೂರ್ತಿ ಆಫ್ ಆಗಿದ್ದಾಗಲೂ ಬ್ಯಾಟರಿ ತುಂಬುವುದು ಇದರಿಂದಲೇ. ಹಾಗಾಗಿ ನನ್ನ ಲ್ಯಾಪ್‌ಟಾಪಿನಲ್ಲಿ ಈ ತೊಂದರೆ ಕಾಣಿಸಿದಾಗ ಮೊದಲು ಅದನ್ನು ಆಫ್ ಮಾಡಿ ಚಾರ್ಜರ್ ಸಿಕ್ಕಿಸಿ ನೋಡಿದೆ. ಚಾರ್ಜಿಂಗ್ ದೀಪ ಹತ್ತಲಿಲ್ಲ. ಆಫ್ ಆಗಿರುವಾಗಲೂ ಚಾರ್ಜ್ ಆಗದ ಯಂತ್ರದಲ್ಲಿ ಕರ್ನೆಲ್ ಆವೃತ್ತಿಯನ್ನು ಬದಲಿಸುತ್ತ ಕೂರುವುದರಿಂದ ಪ್ರಯೋಜನವಿಲ್ಲ.

ಪ್ಲಗ್ ಸಿಕ್ಕಿಸಿದ ಕೂಡಲೇ ಚಾರ್ಜರ್ ಪೂರ್ಣ ಶಕ್ತಿಯನ್ನು ಕೊಡುವುದಿಲ್ಲ. ಲ್ಯಾಪ್‌ಟಾಪಿನ ಪೋರ್ಟಿನಲ್ಲಿ ಜೋಡಣೆಯನ್ನು ಗುರುತಿಸಲೆಂದೇ ಇರುವ ಸಿಸಿ ಪಿನ್‌ನಲ್ಲಿನ 5.1 ಕಿಲೋಓಮ್ ರೋಧವನ್ನು ಗುರುತಿಸಿದ ಮೇಲೆ ಅದು 5 ವೋಲ್ಟ್ ಹರಿಸುತ್ತದೆ. ಅನಂತರ ತಾನು ಕೊಡಬಲ್ಲ ವೋಲ್ಟೇಜ್‌ಗಳನ್ನು, ಅಂದರೆ ಸಾಮಾನ್ಯವಾಗಿ 5, 9, 15 ಮತ್ತು 20 ವೋಲ್ಟ್‌ಗಳನ್ನು, ಅದೇ ಸಿಸಿ ತಂತಿಯ ಮೂಲಕ ತಿಳಿಸುತ್ತದೆ, ಲ್ಯಾಪ್‌ಟಾಪ್ ಅವುಗಳಲ್ಲಿ ಒಂದನ್ನು ಕೇಳುತ್ತದೆ. ಈ ಮಾತುಕತೆ ಮುರಿದರೆ ಚಾರ್ಜರ್ 5 ವೋಲ್ಟ್‌ನಲ್ಲೇ ಉಳಿಯುತ್ತದೆ, ಅಷ್ಟನ್ನು ಅನೇಕ ಲ್ಯಾಪ್‌ಟಾಪ್‌ಗಳು ಸ್ವೀಕರಿಸುವುದೇ ಇಲ್ಲ. ಪೋರ್ಟಿನಲ್ಲಿ ಸಿಸಿ ಪಿನ್ ಎರಡಿದ್ದು, ಪ್ಲಗ್ ಯಾವ ಬದಿಯಲ್ಲಿದೆ ಎಂಬುದರ ಮೇಲೆ ಅವುಗಳಲ್ಲಿ ಒಂದು ಮಾತ್ರ ಈ ಕೆಲಸಕ್ಕೆ ಬರುವುದರಿಂದ, ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದಾಗ ಮಾತ್ರ ಚಾರ್ಜ್ ಆಗುವುದಾದರೆ ಪೋರ್ಟಿನ ಧೂಳನ್ನೋ ಸವೆದ ಪಿನ್ನನ್ನೋ ಶಂಕಿಸಬೇಕು. ಬಹಳ ಸರಳವಾದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಕೇಬಲ್ಲನ್ನೂ ಬದಲಿಸಿ ನೋಡಿ: ಕೇಬಲ್ಲಿನ ಸಾಮರ್ಥ್ಯವನ್ನು ತಿಳಿಸುವ ಇ-ಮಾರ್ಕರ್ ಚಿಪ್ ಇಲ್ಲದ ಕೇಬಲ್ 3 ಆಂಪಿಯರ್‌ಗೆ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್‌ಗೆ, ಸೀಮಿತ.

ಲಿನಕ್ಸ್‌ನ ನಿಜವಾದ ಉಪಯೋಗ ಇರುವುದು ಒಳಗೆ ನಡೆಯುತ್ತಿರುವುದನ್ನು ತೋರಿಸುವುದರಲ್ಲಿ. ಯಂತ್ರದ ಭಾಗಗಳ ಸ್ಥಿತಿಯನ್ನು ಕಡತಗಳಾಗಿ ತೋರಿಸುವ ಸಿಸ್ ಕಡತವ್ಯವಸ್ಥೆಯ ಕ್ಲಾಸ್ ಕೋಶದೊಳಗೆ (ಫೋಲ್ಡರಿನೊಳಗೆ) ಟೈಪ್‌ಸಿ ಎಂಬ ಕೋಶವಿದ್ದರೆ (/sys/class/typec) ಅಲ್ಲಿ ಪ್ರತಿ ಪೋರ್ಟಿಗೂ ಒಂದು ಉಪಕೋಶ ಸಿಗುತ್ತದೆ. ಅದರಲ್ಲಿನ ಪವರ್ ರೋಲ್ ಕಡತದಲ್ಲಿ ‘ಸಿಂಕ್’ ಎಂಬುದು ಆವರಣ ಚಿಹ್ನೆಯೊಳಗಿದ್ದರೆ ಲ್ಯಾಪ್‌ಟಾಪ್ ಶಕ್ತಿ ಪಡೆಯುವ ಸ್ಥಾನದಲ್ಲಿದೆ. ‘ಸೋರ್ಸ್’ ಇದ್ದರೆ ಅದೇ ಎದುರಿನ ಸಾಧನಕ್ಕೆ ಶಕ್ತಿ ಕೊಡಲು ಹೊರಟಿದೆ ಎಂದರ್ಥ. ಪವರ್ ಆಪರೇಷನ್ ಮೋಡ್ ಕಡತ ಪವರ್ ಡೆಲಿವರಿಯ ಹೆಸರನ್ನು ಹೇಳದೆ ‘ಡೀಫಾಲ್ಟ್’ ಎಂದರೆ ಮಾತುಕತೆ ನಡೆದಿಲ್ಲ. ನನ್ನ ಯಂತ್ರದಲ್ಲಿ ಎದುರಿನ ಸಾಧನದ, ಅಂದರೆ ಚಾರ್ಜರ್‌ನ, ಕೋಶವೇ ಮೂಡಿರಲಿಲ್ಲ, ಎಂದರೆ ಚಾರ್ಜರ್ ಇದೆಯೆಂಬುದೇ ಕಂಟ್ರೋಲರ್‌ಗೆ ತಿಳಿದಿರಲಿಲ್ಲ. ಬ್ಯಾಟರಿ ತುಂಬುತ್ತಿದ್ದರೂ ಪರದೆಯ ಸೂಚಕ ಬದಲಾಗದಿದ್ದರೆ ಅದು ಬೇರೆಯೇ ತೊಂದರೆ. ಅದಕ್ಕೆ ಪೋರ್ಟಿನ ಸ್ಥಿತಿಯನ್ನು ಕರ್ನೆಲ್‌ಗೆ ತಿಳಿಸುವ ಯುಸಿಎಸ್‌ಐ ಎಸಿಪಿಐ (ucsi_acpi) ಮಾಡ್ಯೂಲನ್ನು ತೆಗೆದು ಮತ್ತೆ ಲೋಡ್ ಮಾಡಿದರೆ ಸಾಕಾಗಬಹುದು.

ಶೇಕಡಾ 80ಕ್ಕೆ ನಿಂತು ‘ನಾಟ್ ಚಾರ್ಜಿಂಗ್’ ಎನ್ನುವ ಬ್ಯಾಟರಿಗೆ ದೋಷವೇ ಇಲ್ಲದಿರಬಹುದು. ಟಿಎಲ್‌ಪಿಯಂತಹ ವಿದ್ಯುತ್ ನಿರ್ವಹಣೆಯ ತಂತ್ರಾಂಶವೋ ಬಯೋಸ್ ಆಯ್ಕೆಯೋ ಹಾಕಿರುವ ಮಿತಿಯನ್ನು ನೋಡಿಕೊಳ್ಳಬೇಕು.

ನನ್ನ ಯಂತ್ರ ಸರಿಹೋದದ್ದು ಕಂಟ್ರೋಲರ್‌ನ ವಿದ್ಯುತ್ತನ್ನೇ ಕಡಿದ ಮೇಲೆ. ಯಂತ್ರವನ್ನು ಆಫ್ ಮಾಡಿ, ಎಲ್ಲ ಕೇಬಲ್‌ಗಳನ್ನೂ ಕಿತ್ತು, ತಯಾರಕರ ಕೈಪಿಡಿಯಲ್ಲಿದ್ದಂತೆ ಪವರ್ ಗುಂಡಿಯನ್ನು ದೀರ್ಘಕಾಲ ಒತ್ತಿ ಹಿಡಿದೆ. ಮತ್ತೆ ಚಾರ್ಜರ್ ಸಿಕ್ಕಿಸಿದಾಗ ದೀಪ ಹತ್ತಿತು. ಬರೀ ರೀಬೂಟ್ ಮಾಡಿದರೆ ಈ ಚಿಪ್‌ಗಳು ಮರುಪ್ರಾರಂಭಗೊಳ್ಳಬೇಕೆಂದೇನೂ ಇಲ್ಲ. ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ತಳಭಾಗದಲ್ಲಿ ಸಣ್ಣ ರಂಧ್ರವಿರುತ್ತದೆ. ಬಳಿಕ ಲಿನಕ್ಸ್‌ನ ಫರ್ಮ್‌ವೇರ್ ನವೀಕರಣ ಸಾಧನವಾದ ಎಫ್‌ಡಬ್ಲ್ಯುಯುಪಿಡಿ (fwupd) ಮೂಲಕ ಹೊಸ ಫರ್ಮ್‌ವೇರ್, ಅಂದರೆ ಚಿಪ್‌ಗಳೊಳಗಿನ ತಂತ್ರಾಂಶ, ಇದೆಯೇ ಎಂದು ನೋಡುವುದು ಒಳ್ಳೆಯದು.

ಇಷ್ಟಾದರೂ ಚಾರ್ಜ್ ಆಗದಿದ್ದರೆ ಚಾರ್ಜರ್ ಮತ್ತು ಲ್ಯಾಪ್‌ಟಾಪಿನ ನಡುವೆ ವೋಲ್ಟೇಜ್ ತೋರಿಸುವ ಒಂದು ಯುಎಸ್‌ಬಿ-ಸಿ ಮೀಟರ್ ಇಡಿ. ಅದು 20 ವೋಲ್ಟ್ ತೋರಿಸಿಯೂ ಬ್ಯಾಟರಿ ತುಂಬದಿದ್ದರೆ ದೋಷ ಬ್ಯಾಟರಿಯಲ್ಲೋ ಚಾರ್ಜಿಂಗ್ ಸರ್ಕ್ಯೂಟಿನಲ್ಲೋ ಇರುವ ಸಾಧ್ಯತೆ ಹೆಚ್ಚು. ಬೇರೆ ಯಂತ್ರವನ್ನು ಚಾರ್ಜ್ ಮಾಡುವ ಚಾರ್ಜರ್ ಮತ್ತು ಕೇಬಲ್ ಇದ್ದೂ ಮೀಟರ್ ಏನನ್ನೂ ತೋರಿಸದಿದ್ದರೆ ಪೋರ್ಟನ್ನು ದುರಸ್ತಿಗೆ ಕೊಡಬೇಕು. ಕೊಡುವ ಮೊದಲು, ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಉಳಿದಿರುವಾಗಲೇ, ಕಡತಗಳನ್ನೆಲ್ಲ ಬೇರೆಡೆಗೆ ನಕಲಿಸಿಕೊಳ್ಳಿ.